ಟೊರೆಂಟ್ ಎಲ್ಲಿ ಹುಡುಕಬೇಕು? ಮೊದಲು ಅದು ಯಾರದ್ದು ಅಂತ ನೋಡಿ

ಪ್ರಶ್ನೆ: ಸರ್, ನಾನು ಸಕಲೇಶಪುರ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ಮೇಷ್ಟ್ರು. ನಮ್ಮ ಲ್ಯಾಬಿನ ಹಳೇ ಕಂಪ್ಯೂಟರ್‌ಗಳಲ್ಲಿ ವಿಂಡೋಸ್ 10 ಇದೆ. ಅದಕ್ಕೆ ಅಪ್‌ಡೇಟ್ ನಿಂತಿದೆ, ಹಾಗಾಗಿ ಲಿನಕ್ಸ್ ಹಾಕೋಣ ಅಂತಿದ್ದೇನೆ. ನೆಟ್ ಇಲ್ಲದಾಗಲೂ ಮಕ್ಕಳು ಓದುವ ಹಾಗೆ ಕನ್ನಡ ವಿಕಿಪೀಡಿಯ, ಒಂದಿಷ್ಟು ಹಳೇ ಕನ್ನಡ ಪುಸ್ತಕ ಸಿಕ್ಕಿದರೆ ಇನ್ನೂ ಒಳ್ಳೇದು. ಆದರೆ ಡೌನ್‌ಲೋಡ್ ಅರ್ಧಕ್ಕೆ ಬರುವ ಹೊತ್ತಿಗೆ ಕರೆಂಟ್ ಹೋಗುತ್ತದೆ, ಮತ್ತೆ ಮೊದಲಿಂದ ಶುರು. ಹಳೇ ವಿದ್ಯಾರ್ಥಿಯೊಬ್ಬ ಟೊರೆಂಟ್ ಹಾಕಿ ಸರ್ ಅಂದು ನಾಲ್ಕೈದು ಸೈಟಿನ ಹೆಸರು ಕೊಟ್ಟ. ಒಂದೆರಡು ತೆರೆಯುವುದೇ ಇಲ್ಲ. ತೆರೆದದ್ದರಲ್ಲಿ ಎಲ್ಲಿ ಒತ್ತಿದರೂ ಜಾಹೀರಾತು. ಟೊರೆಂಟ್ ಹುಡುಕೋಕೆ ನಂಬಬಹುದಾದ ಸೈಟ್ ಯಾವುದು, ಸಾಫ್ಟ್‌ವೇರ್ ಯಾವುದು? ಇದು ಕಾನೂನಿಗೆ ವಿರುದ್ಧ ಅಲ್ವಾ? ವಿಪಿಎನ್ ಬೇಕಾ?

ಉತ್ತರ: ಮೇಷ್ಟ್ರೇ, ನಿಮ್ಮ ಪಟ್ಟಿಯಲ್ಲಿ ಇರುವುದು ಲಿನಕ್ಸ್, ವಿಕಿಪೀಡಿಯ, ಹಳೇ ಪುಸ್ತಕ. ಈ ಮೂರಕ್ಕೂ ಟೊರೆಂಟ್ ಇದೆ. ಮೂರಕ್ಕೂ ಟೊರೆಂಟ್ ಸರ್ಚ್ ಸೈಟ್ ಬೇಕಾಗಿಲ್ಲ. ಅವನ್ನು ಮಾಡಿದವರು, ಕಾಪಾಡಿಕೊಂಡು ಬಂದವರು ತಮ್ಮದೇ ಪುಟದಲ್ಲಿ ಟೊರೆಂಟ್ ಲಿಂಕ್ ಇಟ್ಟಿದ್ದಾರೆ. ನಿಮ್ಮ ಹಳೇ ವಿದ್ಯಾರ್ಥಿ ಕೊಟ್ಟ ಸಲಹೆ ಅರ್ಧ ಸರಿ. ಟೊರೆಂಟ್ ಹಾಕಿ ಅಂದದ್ದು ನೂರಕ್ಕೆ ನೂರು ಸರಿ, ನಮ್ಮ ಮಲೆನಾಡಿನ ಲೈನಿಗೆ ಅದಕ್ಕಿಂತ ಒಳ್ಳೇ ದಾರಿ ಇಲ್ಲ. ಹುಡುಕೋಕೆ ಕಳಿಸಿದ ಜಾಗ ಮಾತ್ರ ತಪ್ಪು.

ಟೊರೆಂಟ್ ಅಂದರೆ ಸಿನಿಮಾ ಕದಿಯುವ ದಾರಿ ಅನ್ನುವ ಹೆಸರು ಬಂದುಬಿಟ್ಟಿದೆ. ಅದು ಫೈಲ್ ಸಾಗಿಸುವ ಒಂದು ವಿಧಾನ, ಅಷ್ಟೇ. 2001ರಲ್ಲಿ ಬ್ರಾಮ್ ಕೋಹೆನ್ ಎಂಬ ಅಮೆರಿಕದ ಪ್ರೋಗ್ರಾಮರ್ ಬಿಟ್‌ಟೊರೆಂಟ್ ಬರೆದ. ಒಂದು ದೊಡ್ಡ ಫೈಲನ್ನು ಸಾವಿರಾರು ತುಂಡು ಮಾಡುವುದು. ತುಂಡಿಗೆ ಕೆಲವು ನೂರು ಕೆಬಿಯಿಂದ ಕೆಲವು ಎಂಬಿವರೆಗೆ ಗಾತ್ರ. ಇಳಿಸಿಕೊಳ್ಳುವ ಪ್ರತಿಯೊಬ್ಬನೂ ತನ್ನ ಹತ್ತಿರ ಬಂದ ತುಂಡನ್ನು ಇನ್ನೊಬ್ಬನಿಗೆ ಕೊಡುತ್ತಾನೆ, ತನಗಿಲ್ಲದ ತುಂಡನ್ನು ಅವನಿಂದ ತಗೊಳ್ಳುತ್ತಾನೆ. ನಮ್ಮ ಕಡೆ ಗದ್ದೆ ನಾಟಿಗೆ ಮುಯ್ಯಾಳು ಹೋಗುತ್ತಾರಲ್ಲ, ಲೆಕ್ಕಾಚಾರ ಹೆಚ್ಚುಕಡಿಮೆ ಅದೇ. ನೀವು ಬಂದರೆ ನಾವು ಬರುತ್ತೇವೆ, ಬರದವನ ಗದ್ದೆಗೆ ಆಳು ಕಡಿಮೆ. ಸಾಫ್ಟ್‌ವೇರಿನ ಒಳಗೇ ಈ ನಿಯಮ ಇದೆ. ತನಗೆ ಕೊಡುವವನಿಗೆ ಅದು ಜಾಸ್ತಿ ಕೊಡುತ್ತದೆ. ಯಾವ ತುಂಡು ಕಡಿಮೆ ಜನರ ಹತ್ತಿರ ಇದೆಯೋ ಅದನ್ನೇ ಮೊದಲು ತರಿಸಿಕೊಳ್ಳುತ್ತದೆ, ಅದು ಕಳೆದುಹೋಗದಿರಲಿ ಅಂತ.

ನಿಮಗೆ ಇದರಿಂದ ಆಗುವ ಲಾಭ ಬೇರೆ. ಪ್ರತಿ ತುಂಡಿಗೂ ಒಂದು ಹ್ಯಾಶ್, ಅಂದರೆ ಗಣಿತದಿಂದ ತೆಗೆದ ಗುರುತು, ಇರುತ್ತದೆ. ತುಂಡು ಬಂದ ತಕ್ಷಣ ತಾಳೆ ನೋಡಿ, ಕೆಟ್ಟಿದ್ದರೆ ಬಿಸಾಕಿ ಮತ್ತೆ ತರಿಸಿಕೊಳ್ಳುತ್ತದೆ. ಮಳೆಗಾಲದಲ್ಲಿ ಸಿಲ್ವರ್ ಓಕ್ ಕೊಂಬೆ ತಂತಿ ಮೇಲೆ ಬಿದ್ದು ಕರೆಂಟು, ನೆಟ್ಟು ಎರಡೂ ಒಟ್ಟಿಗೆ ಹೋದವು ಅಂದುಕೊಳ್ಳಿ. ನಾಳೆ ಬೆಳಿಗ್ಗೆ ಕಂಪ್ಯೂಟರ್ ಹಾಕಿದರೆ ಬಂದ ತುಂಡುಗಳು ಅಲ್ಲೇ ಇರುತ್ತವೆ, ಉಳಿದದ್ದು ಅಲ್ಲಿಂದ ಮುಂದೆ ಬರುತ್ತದೆ. ಹೆಚ್ಚೆಂದರೆ ಅರ್ಧ ಬಂದಿದ್ದ ಒಂದಷ್ಟು ತುಂಡು ಹಾಳಾಗುತ್ತವೆ. ಬ್ರೌಸರಿನಲ್ಲಿ 3 ಜಿಬಿ ಫೈಲ್ 92 ಪರ್ಸೆಂಟಿಗೆ ಬಂದು ಸತ್ತುಹೋದರೆ ಆಗುವ ಹೊಟ್ಟೆ ಉರಿ ಇಲ್ಲಿಲ್ಲ. ಕರೆಂಟ್ ಹಠಾತ್ತನೆ ಹೋಗಿದ್ದರೆ ಒಂದೇ ಒಂದು ಕೆಲಸ ಮಾಡಿ. ಟೊರೆಂಟ್ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ 'ಫೋರ್ಸ್ ರೀಚೆಕ್' ಒತ್ತಿ. ಡಿಸ್ಕಿನಲ್ಲಿ ಇರುವುದನ್ನೆಲ್ಲ ಇನ್ನೊಮ್ಮೆ ತಾಳೆ ನೋಡಿಕೊಳ್ಳುತ್ತದೆ.

ಈಗ ಆ ಸೈಟುಗಳ ವಿಷಯ. ಟೊರೆಂಟ್ ಸರ್ಚ್ ಸೈಟಿನಲ್ಲಿ ಫೈಲ್ ಇರುವುದಿಲ್ಲ. ಯಾರೋ ಹಾಕಿದ ಲಿಂಕುಗಳ ಪಟ್ಟಿ ಇರುತ್ತದೆ. ಹೆಸರಾಗಿದ್ದ ಸೈಟುಗಳು ಒಂದೊಂದಾಗಿ ಮುಚ್ಚಿಹೋಗಿವೆ. ಐಸೋಹಂಟ್ 2013ರಲ್ಲಿ ನಿಂತಿತು. ಕಿಕ್‌ಆ್ಯಸ್ ಟೊರೆಂಟ್ಸ್ 2016ರ ಜುಲೈನಲ್ಲಿ, ಅದನ್ನು ನಡೆಸುತ್ತಿದ್ದ ಅಂತ ಆರೋಪ ಇದ್ದವನು ಪೋಲೆಂಡಿನಲ್ಲಿ ಸಿಕ್ಕಿಬಿದ್ದಾಗ. ಮುಂದಿನ ತಿಂಗಳೇ ಟೊರೆಂಟ್ಜ್ ಹೋಯಿತು. 2017ರಲ್ಲಿ ಎಕ್ಸ್‌ಟ್ರಾಟೊರೆಂಟ್. 2023ರ ಮೇ 31ಕ್ಕೆ ಆರ್‌ಎಆರ್‌ಬಿಜಿ ನಡೆಸುತ್ತಿದ್ದವರೇ ಬಾಗಿಲು ಹಾಕಿದರು. ಇವತ್ತು ಗೂಗಲ್ ಮಾಡಿದರೆ ಇವೆಲ್ಲ ಹೆಸರಿನ ಸೈಟುಗಳೂ ಸಿಗುತ್ತವೆ! ಸತ್ತ ಸೈಟಿನ ಬೋರ್ಡು ತಗುಲಿಸಿಕೊಂಡು ಯಾರ್ಯಾರೋ ಅಂಗಡಿ ಇಟ್ಟಿದ್ದಾರೆ. ನೀವು ನೋಡಿದ ಜಾಹೀರಾತಿನ ಕಾಟ ಅದೇ. ಪುಟದ ಮೇಲೆ ಕಣ್ಣಿಗೆ ಕಾಣದ ಹಾಳೆ ಹಾಸಿರುತ್ತಾರೆ, ಎಲ್ಲಿ ಒತ್ತಿದರೂ ಮೊದಲ ಕ್ಲಿಕ್ ಅವರಿಗೆ. ದೊಡ್ಡದಾಗಿ ಹಸಿರು ಬಣ್ಣದಲ್ಲಿ 'ಡೌನ್‌ಲೋಡ್' ಅಂತ ಇರುವುದು ಟೊರೆಂಟ್ ಅಲ್ಲವೇ ಅಲ್ಲ.

ಕೆಲವು ತೆರೆಯದೇ ಇರುವುದಕ್ಕೆ ಕಾರಣ ಕೋರ್ಟ್. 2019ರ ಏಪ್ರಿಲ್‌ನಲ್ಲಿ ದೆಹಲಿ ಹೈಕೋರ್ಟ್ ಕಳ್ಳ ಸಿನಿಮಾ ಸೈಟುಗಳನ್ನು ತಡೆಯುವ ಆದೇಶ ಕೊಟ್ಟಿತು. ಒಂದು ಸೈಟನ್ನು ತಡೆದರೆ ಮಾರನೇ ದಿನ ಅದೇ ಸೈಟು ಹೆಸರಿನಲ್ಲಿ ಒಂದಕ್ಷರ ಬದಲಿಸಿ ಬರುತ್ತದಲ್ಲ, ಅಂಥ ನಕಲುಗಳನ್ನೂ ಅದೇ ಆದೇಶಕ್ಕೆ ಸೇರಿಸಿಕೊಳ್ಳಲು ದಾರಿ ಮಾಡಿತು. ಹಾಗಾಗಿ ಇವತ್ತು ತೆರೆದದ್ದು ನಾಳೆ ಇಲ್ಲ. ಅದರ ಹಿಂದೆ ಓಡಿ ನಿಮಗೇನೂ ಆಗಬೇಕಾಗಿಲ್ಲ, ಬಿಡಿ.

ಒಂದು ವಿಷಯ ಮಾತ್ರ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಇದು ಗೊತ್ತಿದ್ದರೆ ಯಾವ ಸೈಟಿನಿಂದ ಲಿಂಕ್ ಬಂದರೂ ಮೋಸ ಹೋಗುವುದು ಕಡಿಮೆ. ಅದು ಮ್ಯಾಗ್ನೆಟ್ ಲಿಂಕ್. ಅಯಸ್ಕಾಂತದ ಚಿತ್ರ ಇರುತ್ತದಲ್ಲ, ಅದು. ಆ ಲಿಂಕನ್ನು ಕಾಪಿ ಮಾಡಿ ನೋಟ್‌ಪ್ಯಾಡಿಗೆ ಹಾಕಿ ನೋಡಿ. ಉದ್ದದ ಸಾಲು. ಅದರಲ್ಲಿ ಮೂರು ಭಾಗ ನೋಡಿದರೆ ಸಾಕು. 'ಎಕ್ಸ್‌ಟಿ' ಅಂತ ಶುರುವಾಗುವ ಭಾಗದಲ್ಲಿ 40 ಅಕ್ಷರದ ಒಂದು ಗುರುತು ಇರುತ್ತದೆ. ಸೊನ್ನೆಯಿಂದ ಒಂಬತ್ತರವರೆಗಿನ ಅಂಕಿ, ಎ ಇಂದ ಎಫ್‌ವರೆಗಿನ ಅಕ್ಷರ ಬಿಟ್ಟು ಬೇರೇನೂ ಇಲ್ಲ. ಇದೇ ಇನ್ಫೋ ಹ್ಯಾಶ್. ಬಿಟ್‌ಟೊರೆಂಟಿನ ಹೊಸ ಆವೃತ್ತಿಯಲ್ಲಿ ಈ ಗುರುತು ಇನ್ನೂ ಉದ್ದ. 'ಡಿಎನ್' ಅಂತ ಇರುವುದು ಹೆಸರು. 'ಟಿಆರ್' ಅಂತ ಇರುವವು ಟ್ರ್ಯಾಕರ್ ವಿಳಾಸಗಳು, ಅಂದರೆ ಈ ಫೈಲ್ ಯಾರ್ಯಾರ ಹತ್ತಿರ ಇದೆ ಅಂತ ಹೇಳುವ ಸರ್ವರುಗಳು.

ಈಗ 'ಡಿಎನ್' ಮುಂದಿನ ಹೆಸರನ್ನು ಅಳಿಸಿ 'ಬೇಲೂರು ಬಸ್ ಟೈಮಿಂಗ್ಸ್' ಅಂತ ಬರೆಯಿರಿ. ಲಿಂಕ್ ಹಾಗೇ ಕೆಲಸ ಮಾಡುತ್ತದೆ, ಮೊದಲಿನ ಫೈಲೇ ಬರುತ್ತದೆ. ಟ್ರ್ಯಾಕರ್ ವಿಳಾಸ ಎಲ್ಲಾ ಕಿತ್ತು ಹಾಕಿದರೂ ಸಾಮಾನ್ಯವಾಗಿ ಬರುತ್ತದೆ. ಯಾಕೆಂದರೆ 2005ರಿಂದ ಡಿಎಚ್‌ಟಿ ಅನ್ನುವ ವ್ಯವಸ್ಥೆ ಇದೆ. ಅದರಲ್ಲಿ ಟೊರೆಂಟ್ ಸಾಫ್ಟ್‌ವೇರುಗಳು ಸರ್ವರಿನ ಹಂಗಿಲ್ಲದೆ ಒಂದನ್ನೊಂದು ಕೇಳಿಕೊಂಡು ಫೈಲ್ ಇರುವವರನ್ನು ಹುಡುಕುತ್ತವೆ. ಆದರೆ ಆ 40 ಅಕ್ಷರದಲ್ಲಿ ಒಂದನ್ನು ಬದಲಿಸಿ ನೋಡಿ. ಏನೂ ಬರುವುದಿಲ್ಲ.

ಸರ್ಚ್ ಸೈಟು ಹುಡುಕುವುದು ಹೆಸರನ್ನು. ಹೆಸರನ್ನು ಯಾರು ಬೇಕಾದರೂ ಏನು ಬೇಕಾದರೂ ಬರೆಯಬಹುದು. ಹ್ಯಾಶ್ ಸುಳ್ಳು ಹೇಳುವುದಿಲ್ಲ. ಆದರೆ ಅದಕ್ಕೂ ಒಂದು ಮಿತಿ ಇದೆ. ಈ ಗುರುತಿನ ಫೈಲು ಹೇಗಿತ್ತೋ ಹಾಗೇ ಬಂದಿದೆ ಅಂತ ಮಾತ್ರ ಅದು ಹೇಳುತ್ತದೆ. ಒಳಗೆ ವೈರಸ್ ಇಟ್ಟು ಟೊರೆಂಟ್ ಮಾಡಿದ್ದರೆ ಆ ವೈರಸ್ಸೂ ಒಂದು ಬೈಟ್ ಕೂಡ ಹೆಚ್ಚುಕಡಿಮೆ ಆಗದೆ ನಿಮ್ಮ ಮನೆ ಸೇರುತ್ತದೆ. ಹಾಗಾಗಿ ಕೇಳಬೇಕಾದದ್ದು ಒಂದೇ. ಈ ಹ್ಯಾಶನ್ನು ನನಗೆ ಕೊಟ್ಟವರು ಯಾರು? ಲಿನಕ್ಸ್ ಮಿಂಟ್ ಅಂತ ಲಿನಕ್ಸಿನ ಒಂದು ಬಗೆ ಇದೆ, ಅದನ್ನು ಮಾಡುವವರ ಪುಟದಲ್ಲೇ ಇದ್ದರೆ ಸರಿ. 'ಸೂಪರ್ ಅಪ್‌ಲೋಡರ್' ಅಂತ ಹೆಸರಿಟ್ಟುಕೊಂಡವನು ಕೊಟ್ಟದ್ದಾದರೆ ಅವನು ಯಾರು ಅಂತ ನಿಮಗೆ ಹೇಗೆ ಗೊತ್ತು?

ಮಿಂಟ್ ಹೆಸರು ಬಂತಲ್ಲ, ಅದರದ್ದೇ ಒಂದು ಘಟನೆ ಇದೆ. 2016ರ ಫೆಬ್ರವರಿ 20ರಂದು ಕಿಡಿಗೇಡಿಗಳು ಲಿನಕ್ಸ್ ಮಿಂಟಿನ ವೆಬ್‌ಸೈಟಿಗೇ ನುಗ್ಗಿದರು. ಒಂದು ಆವೃತ್ತಿಯ ಡೌನ್‌ಲೋಡ್ ಲಿಂಕನ್ನು, ಕಂಪ್ಯೂಟರಿಗೆ ಕದ್ದು ನುಗ್ಗಲು ಹಿಂಬಾಗಿಲಿಟ್ಟ ನಕಲಿ ಫೈಲಿಗೆ ತಿರುಗಿಸಿದರು. ಆ ದಿನ ಪುಟದಿಂದ ನೇರ ಇಳಿಸಿಕೊಂಡವರಿಗೆ ಏಟು ಬಿತ್ತು. ಟೊರೆಂಟ್ ಮೂಲಕ ತಗೊಂಡವರಿಗೆ ಏನೂ ಆಗಲಿಲ್ಲ ಅಂತ ಮಿಂಟಿನವರೇ ತಿಳಿಸಿದರು. ಟೊರೆಂಟ್ ಯಾವಾಗಲೂ ಸುರಕ್ಷಿತ ಅಂತ ಇದರಿಂದ ತಿಳಿಯಬೇಡಿ. ಅವರ ಪುಟಕ್ಕೆ ನುಗ್ಗಿದವರು ಟೊರೆಂಟ್ ಲಿಂಕನ್ನೂ ಬದಲಿಸಬಹುದಿತ್ತು. ಇಳಿಸಿದ ಮೇಲೆ ಇನ್ನೊಮ್ಮೆ ತಾಳೆ ನೋಡಿ ಅಂತ ನಾನು ಹಠ ಹಿಡಿಯುವುದು ಇದಕ್ಕೇ. ಮಿಂಟಿನವರು ಪ್ರತಿ ಫೈಲಿಗೂ ಎಸ್‌ಎಚ್‌ಎ 256 ಅನ್ನುವ ಬಗೆಯ ಹ್ಯಾಶ್ ಗುರುತನ್ನು ಬೇರೆ ಕಡತದಲ್ಲಿ ಸಹಿ ಹಾಕಿ ಕೊಡುತ್ತಾರೆ. ವಿಂಡೋಸಿನಲ್ಲಿ ಸೆವೆನ್ ಜಿಪ್ ಅನ್ನುವ ಉಚಿತ ಸಾಫ್ಟ್‌ವೇರ್ ಇದ್ದರೆ ಇಳಿದ ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ, ಎಸ್‌ಎಚ್‌ಎ ಅಂತ ಇರುವ ಮೆನುವಿನಲ್ಲಿ 256 ಆರಿಸಿ. ಉದ್ದ ಸಂಖ್ಯೆ ಬರುತ್ತದೆ. ಮೊದಲ ಎಂಟು, ಕೊನೆಯ ಎಂಟು ನೋಡಿ ಸುಮ್ನೆ ಬಿಡಬೇಡಿ. ಇದನ್ನೂ ಮಿಂಟಿನವರು ಕೊಟ್ಟ ಗುರುತನ್ನೂ ನೋಟ್‌ಪ್ಯಾಡಿನಲ್ಲಿ ಒಂದರ ಕೆಳಗೊಂದು ಹಾಕಿ ಪೂರ್ತಿ ನೋಡಿ. ಮಕ್ಕಳ ಕೈಲಿ ಮಾಡಿಸಿ, ಅವರಿಗೂ ಪಾಠ ಆಗುತ್ತದೆ.

ಸರಿ, ಎಲ್ಲಿ ಹುಡುಕುವುದು? ಲ್ಯಾಬಿಗೆ ಲಿನಕ್ಸ್ ಮಿಂಟ್ ಒಳ್ಳೇದು, ಅದರಲ್ಲೂ ಎಕ್ಸ್‌ಎಫ್‌ಸಿಇ ಆವೃತ್ತಿ. 4 ಜಿಬಿ ರ‍್ಯಾಮ್ ಇರುವ ಹಳೇ ಯಂತ್ರದಲ್ಲೂ ಓಡುತ್ತದೆ. ಫೈಲ್ ಸುಮಾರು 3 ಜಿಬಿ. ಅವರ ಡೌನ್‌ಲೋಡ್ ಪುಟದಲ್ಲಿ ಬೇರೆ ಬೇರೆ ದೇಶಗಳ ಸರ್ವರುಗಳ ಪಟ್ಟಿ ಜೊತೆ ಟೊರೆಂಟ್ ಲಿಂಕೂ ಇರುತ್ತದೆ. ಉಬುಂಟು, ಡೆಬಿಯನ್ ಅನ್ನುವ ಬೇರೆ ಲಿನಕ್ಸಿನವರೂ ಹೀಗೇ ಇಡುತ್ತಾರೆ. ಲಿಬ್ರೆ ಆಫೀಸಿಗೂ ಟೊರೆಂಟ್ ಇದೆ. ಯಾವ ಲಿನಕ್ಸ್ ಅಂತ ಇನ್ನೂ ತೀರ್ಮಾನ ಮಾಡಿಲ್ಲ ಅಂದರೆ ಡಿಸ್ಟ್ರೋವಾಚ್ ಅನ್ನುವ ತಾಣದಲ್ಲಿ ನಾನಾ ಲಿನಕ್ಸ್‌ಗಳ ಟೊರೆಂಟ್ ಒಂದೇ ಪುಟದಲ್ಲಿದೆ. ಫಾಸ್ ಟೊರೆಂಟ್ಸ್ ಅನ್ನುವುದು ಮುಕ್ತ ತಂತ್ರಾಂಶಗಳ ಟೊರೆಂಟುಗಳನ್ನು ಮಾತ್ರ ಪಟ್ಟಿ ಮಾಡುವ ತಾಣ. ನಿಮಗೆ ಸರ್ಚ್ ಸೈಟ್ ಅಂತ ಬೇಕೇ ಬೇಕು ಅಂದರೆ ಇವೆರಡು. ಸಂಶೋಧನೆಯ ದತ್ತಾಂಶ, ಕಾಲೇಜು ಪಾಠದ ವಿಡಿಯೋ ಬೇಕಾದವರಿಗೆ ಅಕಾಡೆಮಿಕ್ ಟೊರೆಂಟ್ಸ್ ಇದೆ. ಹೈಸ್ಕೂಲಿಗೆ ಅದರಿಂದ ಅಂಥ ಪ್ರಯೋಜನ ಇಲ್ಲ. ಹಾಸನದ ಇಂಜಿನಿಯರಿಂಗ್ ಕಾಲೇಜಿನಲ್ಲಿ ಎಐ ಪ್ರಾಜೆಕ್ಟ್ ಮಾಡುತ್ತಿರುವ ನಿಮ್ಮ ಹಳೇ ವಿದ್ಯಾರ್ಥಿಗಳು ಯಾರಾದರೂ ಇದ್ದರೆ ಅವರಿಗೆ ಹೇಳಿ.

ವಿಕಿಪೀಡಿಯಕ್ಕೆ ಕಿವಿಕ್ಸ್ ಅಂತ ಒಂದು ಉಚಿತ ಸಾಫ್ಟ್‌ವೇರ್ ಇದೆ. ಇಡೀ ವಿಕಿಪೀಡಿಯವನ್ನು ಜಿಮ್ ಅನ್ನುವ ಒಂದೇ ಫೈಲಿಗೆ ತುಂಬಿ ಕೊಡುತ್ತಾರೆ. ನೆಟ್ ಇಲ್ಲದೆ ಓದಬಹುದು, ಹುಡುಕಬಹುದು. ಕನ್ನಡದ್ದೂ ಇದೆ. ಇಂಗ್ಲಿಷಿನದ್ದು ಚಿತ್ರಗಳ ಸಮೇತ ಬೇಕೆಂದರೆ 100 ಜಿಬಿ ಆಸುಪಾಸು, ಅದನ್ನು ಟೊರೆಂಟ್ ಬಿಟ್ಟು ಬೇರೆ ದಾರಿಯಲ್ಲಿ ತರೋಕೆ ಹೋಗಬೇಡಿ. ಕನ್ನಡದ್ದು ಅದರ ಮುಂದೆ ತೀರಾ ಚಿಕ್ಕದು. ಒಂದು ಉಪಾಯ ಹೇಳುತ್ತೇನೆ. ಕಿವಿಕ್ಸಿನ ಡೌನ್‌ಲೋಡ್ ಸರ್ವರಿನಲ್ಲಿ ಯಾವುದೇ ಫೈಲಿನ ವಿಳಾಸದ ಕೊನೆಗೆ ಒಂದು ಚುಕ್ಕಿ ಇಟ್ಟು ಇಂಗ್ಲಿಷಿನಲ್ಲಿ ಟೊರೆಂಟ್ ಅಂತ ಸೇರಿಸಿದರೆ ಅದರ ಟೊರೆಂಟ್ ಸಿಗುತ್ತದೆ. ಅದೇ ಥರ ಎಸ್‌ಎಚ್‌ಎ 256 ಅಂತ ಸೇರಿಸಿದರೆ ತಾಳೆ ನೋಡುವ ಗುರುತು ಸಿಗುತ್ತದೆ.

ಹಳೇ ಪುಸ್ತಕಕ್ಕೆ ಇಂಟರ್ನೆಟ್ ಆರ್ಕೈವ್ ಅನ್ನುವ ಉಚಿತ ಡಿಜಿಟಲ್ ಗ್ರಂಥಾಲಯ. 2012ರಿಂದ ಅಲ್ಲಿನ ಸಂಗ್ರಹಕ್ಕೆ ಟೊರೆಂಟ್ ಕೊಡುತ್ತಿದ್ದಾರೆ. ಪುಸ್ತಕದ ಪುಟದಲ್ಲಿ ಡೌನ್‌ಲೋಡ್ ಆಯ್ಕೆಗಳ ಪಟ್ಟಿ ನೋಡಿ, ಪಿಡಿಎಫ್ ಜೊತೆಗೇ ಟೊರೆಂಟ್ ಅಂತ ಇರುತ್ತದೆ. ಆ ಟೊರೆಂಟಿಗೆ ಹಂಚುವವರು ಒಬ್ಬರೂ ಇಲ್ಲದಿದ್ದರೂ ಆರ್ಕೈವ್‌ನ ಸರ್ವರೇ ವೆಬ್ ಸೀಡ್ ಆಗಿ ಕೊಡುತ್ತದೆ. ಆದ್ದರಿಂದ ಅಲ್ಲಿ ಸೀಡ್, ಅಂದರೆ ಹಂಚುವವರು, ಸೊನ್ನೆ ಅಂತ ಕಂಡರೂ ಗಾಬರಿ ಬೇಡ. ಹುಡುಕುವಾಗ ಮಾತ್ರ ತಾಳ್ಮೆ ಬೇಕು. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದಿಂದ ಬಂದ ಕನ್ನಡ ಪುಸ್ತಕಗಳಿಗೆ ಹೆಸರು ಕನ್ನಡ ಲಿಪಿಯಲ್ಲಿ ಇರುವುದು ಕಡಿಮೆ. ಇಂಗ್ಲಿಷ್ ಅಕ್ಷರದಲ್ಲಿ, ಅದೂ ಒಬ್ಬೊಬ್ಬರು ಒಂದೊಂದು ರೀತಿ ಬರೆದಿದ್ದಾರೆ. ದೀರ್ಘಕ್ಕೆ ಒಬ್ಬರು ಎರಡು ಎ ಹಾಕಿದರೆ ಇನ್ನೊಬ್ಬರು ಒಂದೇ. ಶ, ಷ ಎರಡೂ ಎಸ್ ಆಗಿರುತ್ತವೆ. ಮೂರ್ನಾಲ್ಕು ಥರ ಬರೆದು ನೋಡಿ, ಭಾಷೆ ಕನ್ನಡ ಅಂತ ಸೋಸಿ, ಲೇಖಕರ ಹೆಸರಿನಿಂದಲೂ ಹುಡುಕಿ.

ಇಲ್ಲೊಂದು ಮಾತು. ಒಂದೇ ಪುಸ್ತಕ ಬೇಕಾದರೆ ಟೊರೆಂಟ್ ಹಾಕಲೇಬೇಡಿ. ಆರ್ಕೈವ್ ಟೊರೆಂಟಿನಲ್ಲಿ ಪಿಡಿಎಫ್ ಮಾತ್ರ ಇರುವುದಿಲ್ಲ, ಸ್ಕ್ಯಾನ್ ಮಾಡಿದ ಮೂಲ ಚಿತ್ರಗಳ ಜಿಪ್ ಕೂಡ ಇರುತ್ತದೆ. ಪಿಡಿಎಫ್ ಇಪ್ಪತ್ತು ಎಂಬಿ ಇದ್ದರೆ ಆ ಜಿಪ್ಪು ಹತ್ತಿಪ್ಪತ್ತು ಪಟ್ಟು ಇರಬಹುದು. ಟೊರೆಂಟೇ ಹಾಕುತ್ತೀರಾ ಅಂದರೆ, ಸೇರಿಸುವಾಗ ಬರುವ ಕಿಟಕಿಯಲ್ಲಿ ಫೈಲುಗಳ ಪಟ್ಟಿ ಕಾಣುತ್ತದೆ. ಪಿಡಿಎಫ್ ಬಿಟ್ಟು ಉಳಿದ ಟಿಕ್ ಎಲ್ಲ ತೆಗೆಯಿರಿ.

ಸಾಫ್ಟ್‌ವೇರ್ ಕ್ಯೂಬಿಟ್‌ಟೊರೆಂಟ್ ಹಾಕಿ. ಉಚಿತ, ಮುಕ್ತ, ಜಾಹೀರಾತು ಇಲ್ಲ. ಅದರ ಹೆಸರಿನ ಬೇರೆ ತಾಣಗಳೂ ಇವೆ, ಕೊನೆಯಲ್ಲಿ ಡಾಟ್ ಆರ್ಗ್ ಇರುವುದೇ ಅಸಲಿ. ಲಿನಕ್ಸಿಗೆ ಟ್ರಾನ್ಸ್‌ಮಿಷನ್ ಕೂಡ ಸರಳವಾಗಿದೆ. ಯೂಟೊರೆಂಟ್ ಎಲ್ಲರಿಗೂ ಗೊತ್ತಿರುವ ಹೆಸರು, ಒಂದು ಕಾಲದಲ್ಲಿ ಚಿಕ್ಕದಾಗಿ ಚೊಕ್ಕವಾಗಿತ್ತು. ಆಮೇಲೆ ಜಾಹೀರಾತು ತುಂಬಿತು. 2015ರಲ್ಲಿ ಅದರ ಜೊತೆಗೆ ಕ್ರಿಪ್ಟೊ ನಾಣ್ಯ ಗಣಿಗಾರಿಕೆಯ ಪ್ರೋಗ್ರಾಂ ಒಂದನ್ನು ಸೇರಿಸಿ ಕೊಟ್ಟರು ಅಂತ ದೊಡ್ಡ ಗಲಾಟೆ ಆಯಿತು. ಅದನ್ನು ಹಾಕಿ ಅಂತ ನಾನು ಯಾರಿಗೂ ಹೇಳುವುದಿಲ್ಲ.

ಕ್ಯೂಬಿಟ್‌ಟೊರೆಂಟಿನ ಒಳಗೇ ಹುಡುಕುವ ಸೌಲಭ್ಯ ಇದೆ. 'ವ್ಯೂ' ಮೆನುವಿನಲ್ಲಿ 'ಸರ್ಚ್ ಎಂಜಿನ್' ಟಿಕ್ ಮಾಡಿದರೆ ಒಂದು ಟ್ಯಾಬ್ ಬರುತ್ತದೆ. ಅದಕ್ಕೆ ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯ ಸಾಫ್ಟ್‌ವೇರ್ ಬೇಕು. ಆಮೇಲೆ ಯಾವ ತಾಣದಲ್ಲಿ ಹುಡುಕಬೇಕೋ ಅದರ ಪ್ಲಗಿನ್ ಸೇರಿಸಬೇಕು. ಜ್ಯಾಕೆಟ್, ಪ್ರೌಲರ್ ಅನ್ನುವವೂ ಇದೇ ಕೆಲಸವನ್ನು ಇನ್ನೂ ದೊಡ್ಡದಾಗಿ ಮಾಡುತ್ತವೆ, ಹತ್ತಾರು ತಾಣಕ್ಕೆ ಒಂದೇ ಸಲ ಪ್ರಶ್ನೆ ಕಳಿಸುತ್ತವೆ. ಇದರಿಂದ ಜಾಹೀರಾತಿನ ಕಾಟ ತಪ್ಪುತ್ತದೆ ನಿಜ. ಆದರೆ ಹುಡುಕುವುದು ಅದೇ ಪಟ್ಟಿಗಳಲ್ಲಿ, ಅದೇ ಹೆಸರುಗಳಲ್ಲಿ. ಕಸ ಹಾಕಿದರೆ ಕಸವೇ ಬರುತ್ತದೆ. ಇನ್ನೊಂದು, ಪ್ಲಗಿನ್ ಅಂದರೆ ನಿಮ್ಮ ಕಂಪ್ಯೂಟರಿನಲ್ಲಿ ಓಡುವ ಪ್ರೋಗ್ರಾಂ. ಎಲ್ಲೋ ಸಿಕ್ಕಿತು ಅಂತ ಹಾಕಬಾರದು. ಶಾಲೆಯ ಲ್ಯಾಬಿನಲ್ಲಿ ಈ ಟ್ಯಾಬನ್ನು ತೆರೆಯದೇ ಇರುವುದು ವಾಸಿ.

ಟೊರೆಂಟ್ ಸೇರಿಸಿದ ಮೇಲೆ ಏನು ನೋಡಬೇಕು? ಸೀಡ್ ಅಂದರೆ ಪೂರ್ತಿ ಫೈಲ್ ಇಟ್ಟುಕೊಂಡು ಕೊಡುತ್ತಿರುವವರು. ಪಿಯರ್ ಅಂದರೆ ಇನ್ನೂ ತಗೊಳ್ಳುತ್ತಿರುವವರು. ಸೀಡ್ ಕಾಲಂನಲ್ಲಿ 5, ಪಕ್ಕದ ಬ್ರಾಕೆಟಿನಲ್ಲಿ 60 ಅಂತಿದ್ದರೆ ಒಟ್ಟು 60 ಜನರಲ್ಲಿ 5 ಜನಕ್ಕೆ ನಿಮ್ಮ ಸಂಪರ್ಕ ಸಿಕ್ಕಿದೆ ಅಂತ. ಸರ್ಚ್ ಸೈಟಿನಲ್ಲಿ ತೋರಿಸುವ ಸೀಡ್ ಸಂಖ್ಯೆ ಹಳತಾಗಿರಬಹುದು, ಬೇಕಂತಲೇ ಉಬ್ಬಿಸಿಯೂ ಇರಬಹುದು. ನಂಬಬೇಕಾದದ್ದು ಇದನ್ನು. ಇನ್ನೊಂದು ಅಂಕಿ ಹಲವರು ನೋಡುವುದೇ ಇಲ್ಲ. ಕೆಳಗೆ 'ಜನರಲ್' ಟ್ಯಾಬಿನಲ್ಲಿ 'ಅವೈಲಬಿಲಿಟಿ' ಅಂತ ಇರುತ್ತದೆ. ಅದು 1ಕ್ಕಿಂತ ಕಡಿಮೆ ಇದ್ದರೆ, ಉದಾಹರಣೆಗೆ 0.87 ಇದ್ದರೆ, ನಿಮಗೆ ಸಿಕ್ಕಿರುವ ಎಲ್ಲರ ತುಂಡೂ ಕೂಡಿಸಿದರೂ ಫೈಲ್ ಪೂರ್ತಿ ಆಗುವುದಿಲ್ಲ. 87 ಪರ್ಸೆಂಟಿನಲ್ಲಿ ನಿಂತು ಕಾಯುತ್ತಾ ಕೂರುತ್ತದೆ. ಪೂರ್ತಿ ಇರುವವರು ಯಾರಾದರೂ ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ.

ಅಲ್ಲೇ 'ಪಿಯರ್ಸ್' ಟ್ಯಾಬ್ ಒತ್ತಿ ನೋಡಿ. ಯಾವ ದೇಶ, ಯಾವ ಐಪಿ ವಿಳಾಸ, ಯಾವ ಸಾಫ್ಟ್‌ವೇರ್, ಎಷ್ಟು ಪರ್ಸೆಂಟ್ ಆಗಿದೆ ಅಂತ ಸಾಲಾಗಿ ಕಾಣುತ್ತದೆ. ಜರ್ಮನಿಯವನು ಒಬ್ಬ, ಬ್ರೆಜಿಲಿನವನು ಒಬ್ಬ. ಅವರ ಪರದೆಯಲ್ಲಿ ನೀವೂ ಹೀಗೇ ಕಾಣುತ್ತಿದ್ದೀರಿ. ನಿಮ್ಮ ಕಾನೂನಿನ ಪ್ರಶ್ನೆಗೆ ಉತ್ತರ ಇಲ್ಲಿಂದಲೇ ಶುರುವಾಗುತ್ತದೆ.

ಟೊರೆಂಟ್ ಬಳಸುವುದು ಅಪರಾಧ ಅಲ್ಲ. ಮಿಂಟ್ ಇಳಿಸಿದರೆ ಯಾರೂ ಏನೂ ಕೇಳುವುದಿಲ್ಲ, ಅವರೇ ಹಂಚಿ ಅನ್ನುತ್ತಾರೆ. ಹಕ್ಕು ಇರುವ ಸಿನಿಮಾ, ಪುಸ್ತಕ, ಸಾಫ್ಟ್‌ವೇರನ್ನು ಒಪ್ಪಿಗೆ ಇಲ್ಲದೆ ತಗೊಂಡರೆ 1957ರ ಕೃತಿಸ್ವಾಮ್ಯ ಕಾಯ್ದೆ ಇದೆ. ಅದರ 63ನೇ ಕಲಮಿನಲ್ಲಿ 6 ತಿಂಗಳಿಂದ 3 ವರ್ಷದವರೆಗೆ ಜೈಲು, 50,000ದಿಂದ 2 ಲಕ್ಷ ರೂಪಾಯಿವರೆಗೆ ದಂಡ. ವ್ಯಾಪಾರದ ಲಾಭಕ್ಕೆ ಮಾಡಿದ್ದಲ್ಲ ಅಂದರೆ ಕೋರ್ಟ್ ಕಾರಣ ಬರೆದು ಕಡಿಮೆ ಮಾಡಬಹುದು. ಟೊರೆಂಟಿನಲ್ಲಿ ತೊಡಕು ಏನಂದರೆ, ಇಳಿಸುತ್ತಿರುವಾಗಲೇ ನೀವು ಹಂಚುತ್ತಲೂ ಇರುತ್ತೀರಿ. ನಾನು ಬರೀ ನೋಡಿದೆ ಅನ್ನುವ ಮಾತು ಇಲ್ಲಿ ನಿಲ್ಲುವುದಿಲ್ಲ. 2016ರಲ್ಲಿ ತಡೆದ ಸೈಟುಗಳ ಪುಟದಲ್ಲಿ ನೋಡಿದರೂ ಮೂರು ವರ್ಷ ಜೈಲು ಅನ್ನುವ ಅರ್ಥದ ಎಚ್ಚರಿಕೆ ಬಂದು ಜನ ಗಾಬರಿಯಾದರು. ಸುಮ್ಮನೆ ನೋಡುವುದು ಆ ಕಲಮಿನ ಅಪರಾಧ ಅಲ್ಲ ಅಂತ ಬಾಂಬೆ ಹೈಕೋರ್ಟ್ ಆಗ ಸ್ಪಷ್ಟ ಮಾಡಿತು. ಹಂಚುವುದಕ್ಕೆ ಆ ರಿಯಾಯಿತಿ ಇಲ್ಲ.

ಪುಸ್ತಕದಲ್ಲಿ ಇನ್ನೂ ಸ್ವಲ್ಪ ಹುಷಾರಾಗಿರಿ. ನಮ್ಮಲ್ಲಿ ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಹಕ್ಕು ಇರುತ್ತದೆ. ಬಿ.ಎಂ.ಶ್ರೀ ತೀರಿಕೊಂಡದ್ದು 1946ರಲ್ಲಿ, ಅವರು ಬದುಕಿದ್ದಾಗ ಪ್ರಕಟಿಸಿದ್ದರ ಹಕ್ಕು 2006ರ ಕೊನೆಗೆ ಮುಗಿಯಿತು. ಕುವೆಂಪು ತೀರಿಕೊಂಡದ್ದು 1994ರಲ್ಲಿ, ಹಕ್ಕು 2054ರ ಕೊನೆಯವರೆಗೆ. ನಿಮ್ಮ ಪಕ್ಕದ ಮೂಡಿಗೆರೆಯ ತೇಜಸ್ವಿಯವರದ್ದು 2007, ಹಾಗಾಗಿ 2067ರ ಕೊನೆಯವರೆಗೆ. ತೇಜಸ್ವಿ ಪುಸ್ತಕಗಳ ಪಿಡಿಎಫ್ ಕಟ್ಟು ಅಂತ ವಾಟ್ಸಾಪಿನಲ್ಲಿ, ಟೆಲಿಗ್ರಾಮಿನಲ್ಲಿ ಓಡಾಡುತ್ತಿರುತ್ತದೆ. ಅದನ್ನು ಶಾಲೆಯ ಕಂಪ್ಯೂಟರಿಗೆ ಹಾಕಬೇಡಿ, ಗ್ರಂಥಾಲಯಕ್ಕೆ ಪುಸ್ತಕವನ್ನೇ ತರಿಸಿ. ಆರ್ಕೈವ್‌ನಲ್ಲಿ ಇದೆ ಅಂದ ಮಾತ್ರಕ್ಕೆ ಹಕ್ಕು ಮುಗಿದಿದೆ ಅಂತಲೂ ಅಲ್ಲ, ಅಲ್ಲಿ ಯಾರು ಬೇಕಾದರೂ ಏರಿಸಬಹುದು. ಹಕ್ಕು ಇದ್ದೂ ಬಿಟ್ಟುಕೊಟ್ಟವರೂ ಇದ್ದಾರೆ. ನಿರಂಜನರ ಹಲವು ಕೃತಿಗಳನ್ನು ಅವರ ಕುಟುಂಬದವರು 2014ರಲ್ಲಿ ಕ್ರಿಯೇಟಿವ್ ಕಾಮನ್ಸ್ ಅನ್ನುವ, ಹಂಚಲು ಮೊದಲೇ ಒಪ್ಪಿಗೆ ಕೊಡುವ ಪರವಾನಗಿಯಲ್ಲಿ ಕೊಟ್ಟರು, ಕನ್ನಡ ವಿಕಿಸೋರ್ಸಿನಲ್ಲಿ ಸಿಗುತ್ತವೆ. ಮಕ್ಕಳಿಗೆ ಅಲ್ಲಿಂದ ಶುರು ಮಾಡಿಸಬಹುದು.

ವಿಪಿಎನ್, ಅಂದರೆ ನಿಮ್ಮ ನೆಟ್ಟನ್ನು ಬೇರೊಬ್ಬರ ಸರ್ವರ್ ಮೂಲಕ ಸುತ್ತಿಸಿ ನಿಮ್ಮ ಗುರುತು ಮರೆಸುವ ಸೇವೆ, ನಿಮಗೆ ಬೇಡ. ನೀವು ತರಿಸುವುದರಲ್ಲಿ ಮುಚ್ಚಿಡುವಂಥದ್ದು ಏನೂ ಇಲ್ಲ. ಲೈನು ನಿಧಾನ ಆಗುತ್ತದೆ, ಅಷ್ಟೇ. ಉಚಿತ ವಿಪಿಎನ್ ಅಂತೂ ಬೇಡವೇ ಬೇಡ, ನಿಮ್ಮ ನೆಟ್ಟಿನ ಓಡಾಟ ಎಲ್ಲ ಗುರುತಿಲ್ಲದವರ ಕೈಗೆ ಕೊಟ್ಟ ಹಾಗೆ.

ಲೈನಿನ ಬಗ್ಗೆ. ಕಂಪನಿಯವರು 40 ಎಂಬಿಪಿಎಸ್ ಅಂದರೆ ಅದು ಬಿಟ್ ಲೆಕ್ಕ. ಟೊರೆಂಟಿನಲ್ಲಿ ಕಾಣುವುದು ಬೈಟ್ ಲೆಕ್ಕ, ಎಂಟರಿಂದ ಭಾಗಿಸಿ, 5 ಎಂಬಿ ಬಂದರೆ ಪೂರ್ತಿ ಬಂತು ಅಂತ. 40 ಕೊಡ್ತೀನಿ ಅಂದು 5 ಕೊಡ್ತಿದ್ದಾನೆ ಅಂತ ಲೈನ್‌ಮ್ಯಾನ್ ಜೊತೆ ಜಗಳ ಆಡುವವರನ್ನು ನೋಡಿದ್ದೇನೆ, ಪಾಪ ಅವನ ತಪ್ಪಿಲ್ಲ. ಅಪ್‌ಲೋಡ್ ವೇಗಕ್ಕೆ ಮಿತಿ ಹಾಕಿ, ನಿಮ್ಮ ಲೈನಿನ ಅಪ್‌ಲೋಡಿನ ಮುಕ್ಕಾಲು ಭಾಗ ಸಾಕು. ಮಿತಿ ಇಲ್ಲದಿದ್ದರೆ ಹೋಗುವ ದಾರಿ ಪೂರ್ತಿ ತುಂಬಿ, ಬರುವ ದಾರಿಯೂ ಕಟ್ಟಿಕೊಳ್ಳುತ್ತದೆ. ಆಫೀಸಿನಲ್ಲಿ ಹೆಡ್ ಮೇಷ್ಟ್ರ ಮೀಟಿಂಗ್ ವಿಡಿಯೋ ನಿಂತುಹೋಗುತ್ತದೆ. ಕ್ಯೂಬಿಟ್‌ಟೊರೆಂಟಿನಲ್ಲಿ ಸಮಯ ನೋಡಿ ವೇಗ ಬದಲಿಸುವ ಸೌಲಭ್ಯ ಇದೆ. ಶಾಲೆ ಹೊತ್ತಿನಲ್ಲಿ ಕಡಿಮೆ, ಸಂಜೆ ಮೇಲೆ ಪೂರ್ತಿ ಅಂತ ಇಡಿ. ಮೊಬೈಲ್ ಹಾಟ್‌ಸ್ಪಾಟಿನಲ್ಲಿ ಮಾತ್ರ ಟೊರೆಂಟ್ ಬೇಡ. ದಿನಕ್ಕೆ ಒಂದೂವರೆ ಎರಡು ಜಿಬಿ ಇರುವ ಪ್ಲಾನಿನಲ್ಲಿ ಹಂಚಿದ್ದೂ ಲೆಕ್ಕಕ್ಕೆ ಬರುತ್ತದೆ. ಕೆಲವು ಲೈನುಗಳಲ್ಲಿ ನೀವು ಎಷ್ಟು ಹೊತ್ತು ಇಟ್ಟರೂ ಹಂಚಿಕೆ ಜಾಸ್ತಿ ಆಗುವುದಿಲ್ಲ. ಕಂಪನಿಯವರು ಒಂದೇ ಐಪಿ ವಿಳಾಸವನ್ನು ಹಲವು ಗ್ರಾಹಕರಿಗೆ ಹಂಚಿದಾಗ ಹೊರಗಿನವರು ನಿಮ್ಮನ್ನು ನೇರ ತಲುಪಲಾರರು. ಇಳಿಸೋಕೆ ಅದರಿಂದ ದೊಡ್ಡ ತೊಂದರೆ ಇಲ್ಲ.

ಇನ್ನು ಲ್ಯಾಬು. ಪ್ರತಿ ಕಂಪ್ಯೂಟರಿನಲ್ಲೂ ಪ್ರತ್ಯೇಕವಾಗಿ ಮಿಂಟ್ ಇಳಿಸಬೇಡಿ. ಒಂದರಲ್ಲಿ ಇಳಿಸಿ, ತಾಳೆ ನೋಡಿ, ವೆಂಟಾಯ್ ಅನ್ನುವ ಉಚಿತ ಸಾಫ್ಟ್‌ವೇರಿನಿಂದ ಪೆನ್‌ಡ್ರೈವ್ ಸಿದ್ಧ ಮಾಡಿ ಒಂದೊಂದಾಗಿ ಹಾಕುತ್ತಾ ಹೋಗಿ. ಹಳೇ ಪೆನ್‌ಡ್ರೈವ್‌ಗೆ ವಿಕಿಪೀಡಿಯ ಫೈಲ್ ಕಾಪಿ ಮಾಡುವಾಗ ಜಾಗ ಇದ್ದರೂ ಫೈಲ್ ತೀರಾ ದೊಡ್ಡದು ಅನ್ನಬಹುದು. ಅದು ಫ್ಯಾಟ್ 32ರಲ್ಲಿ ಫಾರ್ಮ್ಯಾಟ್ ಆಗಿದ್ದರೆ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಸುವುದಿಲ್ಲ. ಎಕ್ಸ್‌ಫ್ಯಾಟ್‌ಗೆ ಬದಲಿಸಿ, ಒಳಗಿರುವುದನ್ನು ಮೊದಲು ತೆಗೆದಿಟ್ಟುಕೊಳ್ಳಿ. ದೊಡ್ಡ ಇಂಗ್ಲಿಷ್ ವಿಕಿಪೀಡಿಯ ಎಲ್ಲ ಯಂತ್ರಕ್ಕೂ ಬೇಕು ಅಂದರೆ, ಲಿನಕ್ಸ್ ಹಾಕಿ ಮುಗಿದ ಮೇಲೆ, ಅವುಗಳಲ್ಲಿ ಕ್ಯೂಬಿಟ್‌ಟೊರೆಂಟ್ ಹಾಕಿ 'ಲೋಕಲ್ ಪಿಯರ್ ಡಿಸ್ಕವರಿ' ಟಿಕ್ ಮಾಡಿ. ಒಂದೇ ಸ್ವಿಚ್ಚಿಗೆ ಸೇರಿರುವ ಯಂತ್ರಗಳು ಒಂದನ್ನೊಂದು ಕಂಡುಹಿಡಿದು ತಮ್ಮೊಳಗೇ ತುಂಡು ಹಂಚಿಕೊಳ್ಳುತ್ತವೆ. ಒಂದರಲ್ಲಿ ಪೂರ್ತಿ ಬಂದಿದ್ದರೆ ಉಳಿದವಕ್ಕೆ ಹೊರಗಿನ ಲೈನು ಅಷ್ಟಾಗಿ ಬೇಕಾಗುವುದಿಲ್ಲ.

ಕೆಲಸ ಮುಗಿದ ತಕ್ಷಣ ಟೊರೆಂಟ್ ಅಳಿಸಬೇಡಿ. ರೇಷಿಯೊ ಅಂತ ಒಂದು ಕಾಲಂ ಇದೆ, ಅದು 1 ಆದರೆ ತಗೊಂಡಷ್ಟು ಕೊಟ್ಟ ಹಾಗೆ. ಅಲ್ಲಿಗೆ ಬಂದಾಗ ತಾನೇ ನಿಲ್ಲುವಂತೆ ಸೆಟ್ಟಿಂಗಿನಲ್ಲಿ ಇಡಬಹುದು. ಕನ್ನಡ ವಿಕಿಪೀಡಿಯದ ಟೊರೆಂಟನ್ನು ಮಾತ್ರ, ಲೈನು ಇರುವಷ್ಟು ದಿನ ಓಡಲು ಬಿಡಿ. ಅದಕ್ಕೆ ಸೀಡ್ ಮಾಡುವವರು ಕಡಿಮೆ. ಹೊಸ ಆವೃತ್ತಿ ಬಂದಾಗ ಹಳೇದನ್ನು ತೆಗೆದು ಹೊಸದನ್ನು ಹಾಕಿ. ಮೊದಲು ಮಿಂಟ್ ಹಾಕಿ ನೋಡಿ, ಕನ್ನಡ ಟೈಪಿಂಗಿಗೆ ಐಬಸ್ ಅನ್ನುವ, ಲಿನಕ್ಸಿನಲ್ಲಿ ಭಾಷೆ ಬದಲಿಸುವ ಸಾಫ್ಟ್‌ವೇರಿನಲ್ಲಿ ಕೆಜಿಪಿ ಕೀಲಿಮಣೆ ಆರಿಸಿಕೊಳ್ಳಿ, ನುಡಿ ಬರುವವರಿಗೆ ಹೊಸದಾಗಿ ಕಲಿಯುವುದು ಏನೂ ಇರುವುದಿಲ್ಲ. ಎಲ್ಲಾದರೂ ಸಿಕ್ಕಿಕೊಂಡರೆ ಪರದೆಯ ಫೋಟೋ ತೆಗೆದು ಕಳಿಸಿ, ಯಂತ್ರದ ಮಾಡೆಲ್ ಯಾವುದು, ರ‍್ಯಾಮ್ ಎಷ್ಟು ಅನ್ನುವುದನ್ನೂ ಬರೆಯಿರಿ.